ಯಾರೂ ಬರೆಯದ ಗ್ರಂಥದ ಚರಿತ್ರೆ

ಭಯಾನಕ ಸಾಹಿತ್ಯದಲ್ಲಿ ಶಾಪಗ್ರಸ್ತ ಪುಸ್ತಕಗಳಿಗೇನೂ ಬರವಿಲ್ಲ. ಆದರೆ ‘ನೆಕ್ರೊನಾಮಿಕನ್’ ಹುಟ್ಟಿಸಿದಷ್ಟು ನಂಬಿಕೆಯನ್ನು ಬೇರೆ ಯಾವುದೂ ಹುಟ್ಟಿಸಲಿಲ್ಲ. ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಹುಟ್ಟಿದ ಕಥೆಗಾರ ಎಚ್.ಪಿ. ಲವ್‌ಕ್ರಾಫ್ಟ್ (1890–1937) ಈ ಹೆಸರನ್ನು ಮೊದಲು ತಂದದ್ದು 1922ರಲ್ಲಿ ಬರೆದ ‘ದಿ ಹೌಂಡ್’ ಕಥೆಯಲ್ಲಿ.

1927ರಲ್ಲಿ ಅವನು ಆ ಗ್ರಂಥಕ್ಕೊಂದು ಪುಟ್ಟ ಚರಿತ್ರೆಯನ್ನೇ ಬರೆದಿಟ್ಟ. ಅದರ ಪ್ರಕಾರ, ಯೆಮೆನ್‌ನ ಸನಾ ನಗರದ ಹುಚ್ಚು ಕವಿ ಅಬ್ದುಲ್ ಅಲ್‌ಹಜ್ರೆಡ್ ಡಮಾಸ್ಕಸ್‌ನಲ್ಲಿ ಕೂತು ಅದನ್ನು ಅರಬ್ಬಿಯಲ್ಲಿ ಬರೆದ. 738ರಲ್ಲಿ ಹಾಡಹಗಲೇ, ಜನ ನೋಡನೋಡುತ್ತಿದ್ದಂತೆ, ಕಣ್ಣಿಗೆ ಕಾಣದ ಜೀವಿಯೊಂದು ಅವನನ್ನು ತಿಂದುಹಾಕಿತು. 950ರಲ್ಲಿ ಗ್ರೀಕ್ ಅನುವಾದ, 1228ರಲ್ಲಿ ಲ್ಯಾಟಿನ್. 1232ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿಯಿಂದ ನಿಷೇಧ.

ಗ್ರೆಗೊರಿ ನಿಜವಾಗಿಯೂ ಆ ಕಾಲದ ಪೋಪ್. ಲ್ಯಾಟಿನ್ ಅನುವಾದಕನೆಂದು ಹೆಸರಿಸಿದ ಓಲಾಸ್ ವರ್ಮಿಯಸ್ ಕೂಡ ಇದ್ದವನೇ, ಆದರೆ ಅವನು 17ನೇ ಶತಮಾನದ ಡೆನ್ಮಾರ್ಕಿನ ವೈದ್ಯ. ಪ್ರತಿಗಳು ಎಲ್ಲಿವೆ ಎನ್ನುವಲ್ಲೂ ಇದೇ ಬೆರಕೆ: ಬ್ರಿಟಿಷ್ ಮ್ಯೂಸಿಯಂ, ಹಾರ್ವರ್ಡ್‌ನ ವೈಡನರ್ ಗ್ರಂಥಾಲಯ, ಅವುಗಳ ಸಾಲಿನಲ್ಲೇ ಪೂರ್ತಿ ಕಾಲ್ಪನಿಕವಾದ ಮಿಸ್ಕಟಾನಿಕ್ ವಿಶ್ವವಿದ್ಯಾಲಯ. ಎಲ್ಲಿ ನಿಜ ಮುಗಿದು ಕಥೆ ಶುರುವಾಯಿತೆಂದು ಓದುಗನಿಗೆ ಗೊತ್ತೇ ಆಗುವುದಿಲ್ಲ.

ನನಗೆ ಬಲು ಇಷ್ಟವಾದದ್ದು ‘ದಿ ಡನ್‌ವಿಚ್ ಹಾರರ್’ (1929) ಕಥೆಯ ಗ್ರಂಥಾಲಯದ ದೃಶ್ಯ. ಮನುಷ್ಯನೇ ಹೌದೋ ಅಲ್ಲವೋ ಎನಿಸುವ ವಿಲ್ಬರ್ ವೇಟ್ಲಿ ತನ್ನ ಹರಕು ಇಂಗ್ಲಿಷ್ ಪ್ರತಿಯನ್ನು ಹಿಡಿದು ಮಿಸ್ಕಟಾನಿಕ್‌ಗೆ ಬರುತ್ತಾನೆ. ಅದರಲ್ಲಿ 751ನೇ ಪುಟಕ್ಕೆ ಬರಬೇಕಿದ್ದ ಭಾಗ ಕಾಣೆಯಾಗಿದೆ. ಅದನ್ನೇ ಲ್ಯಾಟಿನ್ ಪ್ರತಿಯಲ್ಲಿ ಹುಡುಕಬೇಕು. ಗ್ರಂಥಪಾಲಕ ಆರ್ಮಿಟೇಜ್ ಅವನ ಹೆಗಲ ಮೇಲಿಂದ ಇಣುಕಿ ಓದಿ ನಡುಗುತ್ತಾನೆ. ಪುಸ್ತಕ ಮನೆಗೊಯ್ಯಲು ಬಿಡುವುದಿಲ್ಲ. ರಾತ್ರಿ ಕದಿಯಲು ಬಂದ ವಿಲ್ಬರ್ ಕಾವಲು ನಾಯಿಗೆ ಬಲಿಯಾಗುತ್ತಾನೆ. ಪುಟಸಂಖ್ಯೆ, ಎರವಲು ನಿರಾಕರಣೆ – ಅಸ್ತಿತ್ವದಲ್ಲೇ ಇಲ್ಲದ ಪುಸ್ತಕಕ್ಕೆ ತೂಕ ತಂದದ್ದು ಇಂಥ ದಿನನಿತ್ಯದ ವಿವರಗಳೇ. ಒಳಗಿರುವುದನ್ನು ಲವ್‌ಕ್ರಾಫ್ಟ್ ತೋರಿಸಿದ್ದು ತುಣುಕುಗಳಲ್ಲಷ್ಟೇ.

ಅವನ ಗೆಳೆಯರೂ ಈ ಆಟಕ್ಕೆ ಕೈಜೋಡಿಸಿದರು. ಕ್ಲಾರ್ಕ್ ಆಷ್ಟನ್ ಸ್ಮಿತ್ ‘ಬುಕ್ ಆಫ್ ಐಬಾನ್’ ಸೃಷ್ಟಿಸಿದ. ಇವನ ಕಥೆಗಳಲ್ಲಿ ಅವನ ಗ್ರಂಥ, ಅವನ ಕಥೆಗಳಲ್ಲಿ ಇವನದು. ಹೀಗೆ ಒಂದಕ್ಕೊಂದು ಸಾಕ್ಷಿ ನಿಂತವು. ನಿಜವೇ ಎಂದು ಓದುಗರು ಪತ್ರ ಬರೆದು ಕೇಳಿದರೆ ಮಾತ್ರ, ಅದು ಕಟ್ಟುಕಥೆ ಎಂದು ಲವ್‌ಕ್ರಾಫ್ಟ್ ಪ್ರಾಮಾಣಿಕವಾಗಿ ಉತ್ತರಿಸುತ್ತಿದ್ದ. ಯಾರಾದರೂ ಅದನ್ನು ನಿಜಕ್ಕೂ ಬರೆದರೆ ಓದುಗರಿಗೆ ನಿರಾಸೆಯಾದೀತು ಎಂಬುದು ಅವನ ಅಭಿಪ್ರಾಯ.

1977ರಲ್ಲಿ ‘ಸೈಮನ್’ ಎಂಬ ಹೆಸರಿನಲ್ಲಿ ಆ ಕೆಲಸವೂ ಆಯಿತು. ಮೆಸೊಪೊಟೇಮಿಯದ ದೇವತೆಗಳು, ಮಂತ್ರಗಳು, ಚಿತ್ರಗಳು ತುಂಬಿದ ಆ ಪುಸ್ತಕ ಅಂಗಡಿಗೆ ಬಂತು, ಚೆನ್ನಾಗಿ ಮಾರಾಟವೂ ಆಯಿತು. ಲವ್‌ಕ್ರಾಫ್ಟ್‌ನ ಕಥೆಗಳು ಹುಟ್ಟಿಸುವ ಅಂಜಿಕೆ ಮಾತ್ರ ಅದರ ಯಾವ ಪುಟದಲ್ಲೂ ಇಲ್ಲ.