ನರ್ಸ್ ಪ್ರಾಕ್ಟೀಷನರ್: ವಿಭಾಗ ಮತ್ತು ಕಾಲೇಜು ಆರಿಸುವ ಮುನ್ನ ತಿಳಿದಿರಬೇಕಾದದ್ದು

ಬಿ.ಎಸ್ಸಿ. ನರ್ಸಿಂಗ್ ಓದುತ್ತಿರುವ ಅಥವಾ ಓದಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ 'ನರ್ಸ್ ಪ್ರಾಕ್ಟೀಷನರ್' ಎಂಬ ಹೆಸರು ಈಗ ಆಗಾಗ ಕೇಳಿಬರುತ್ತಿದೆ. ಕೆಲವರು ಇದನ್ನು ಅರ್ಧ ಡಾಕ್ಟರ್ ಪದವಿ ಎಂದು ತಿಳಿದಿದ್ದಾರೆ. ಇನ್ನು ಕೆಲವರು ಈ ಕೋರ್ಸ್ ಮುಗಿಸಿದರೆ ನೇರವಾಗಿ ಅಮೆರಿಕದಲ್ಲಿ ಕೆಲಸ ಸಿಗುತ್ತದೆ ಎಂದುಕೊಂಡಿದ್ದಾರೆ. ಎರಡೂ ಸರಿಯಲ್ಲ. ಕೋರ್ಸ್ ಒಳ್ಳೆಯದೇ. ಆದರೆ ಹೆಸರು ನೋಡಿ ಸೇರಿಕೊಂಡರೆ ಎರಡು ವರ್ಷ ಮತ್ತು ಲಕ್ಷಾಂತರ ರೂಪಾಯಿ ಕೈಬಿಟ್ಟು ಹೋಗಬಹುದು. ಆದ್ದರಿಂದ ಮನೆಯವರೆಲ್ಲ ಕುಳಿತು ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಮೇಲು.

ಈ ಪದ್ಧತಿ ಶುರುವಾದದ್ದು ಅಮೆರಿಕದಲ್ಲಿ. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊದಲ ತರಬೇತಿ ಆರಂಭಿಸಿದರು. ವೈದ್ಯರು ಸಾಲದ ಕಡೆಗಳಲ್ಲಿ ಮಕ್ಕಳ ಆರೋಗ್ಯ ನೋಡಿಕೊಳ್ಳಲು ಅನುಭವಿ ನರ್ಸ್‌ಗಳನ್ನು ಸಿದ್ಧಪಡಿಸುವುದು ಅವರ ಉದ್ದೇಶವಾಗಿತ್ತು. ಇಂದು ಅಲ್ಲಿ ನರ್ಸ್ ಪ್ರಾಕ್ಟೀಷನರ್ ರೋಗಿಯನ್ನು ಪರೀಕ್ಷಿಸಿ, ರೋಗ ಗುರುತಿಸಿ, ಔಷಧ ಬರೆದುಕೊಡುತ್ತಾರೆ. ಕೆಲವು ರಾಜ್ಯಗಳಲ್ಲಿ ಸ್ವತಂತ್ರವಾಗಿ, ಕೆಲವು ರಾಜ್ಯಗಳಲ್ಲಿ ವೈದ್ಯರ ಜೊತೆ ಒಪ್ಪಂದದ ಮೇಲೆ.

ಭಾರತದಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ಆ ಹೆಸರಿನ ತರಬೇತಿ ಮುಖ್ಯವಾಗಿ ಎರಡು.

ಮೊದಲನೆಯದು ತೀವ್ರ ನಿಗಾ ವಿಭಾಗದ ನರ್ಸ್ ಪ್ರಾಕ್ಟೀಷನರ್ ಕೋರ್ಸ್. ಭಾರತೀಯ ನರ್ಸಿಂಗ್ ಕೌನ್ಸಿಲ್ ರೂಪಿಸಿದ ಇದು ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ. ಬಿ.ಎಸ್ಸಿ. ನರ್ಸಿಂಗ್ ಪದವಿ, ನೋಂದಣಿ ಮತ್ತು ಕನಿಷ್ಠ ಒಂದು ವರ್ಷದ ಆಸ್ಪತ್ರೆ ಅನುಭವ ಬೇಕು. ಆ ಅನುಭವ ಐಸಿಯುನಲ್ಲಿ ಆಗಿದ್ದರೆ ಇನ್ನೂ ಒಳ್ಳೆಯದು. ಓದಿನಲ್ಲಿ ತರಗತಿ ಪಾಠ ಐದರಲ್ಲಿ ಒಂದು ಪಾಲು ಮಾತ್ರ. ಉಳಿದ ನಾಲ್ಕು ಪಾಲು ರೋಗಿಯ ಹಾಸಿಗೆಯ ಪಕ್ಕದಲ್ಲಿ ಮತ್ತು ಕೌಶಲ ಪ್ರಯೋಗಾಲಯದಲ್ಲಿ. ವೆಂಟಿಲೇಟರ್ ನಿರ್ವಹಣೆ, ರಕ್ತದ ಅನಿಲ ಪರೀಕ್ಷೆಯ ಫಲಿತಾಂಶ ಓದುವುದು, ಇಸಿಜಿ ಓದುವುದು, ರಕ್ತದೊತ್ತಡ ಕುಸಿದಾಗ ಕೊಡುವ ಔಷಧಗಳ ಪ್ರಮಾಣ ಇವೆಲ್ಲ ಕಲಿಯಬೇಕಾಗುತ್ತದೆ.

ಎರಡನೆಯದು ಪ್ರಸೂತಿ ವಿಭಾಗದ್ದು. ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಅನುಭವವಿರುವ ನೋಂದಾಯಿತ ನರ್ಸ್‌ಗಳಿಗೆ 18 ತಿಂಗಳ ತರಬೇತಿ ಕೊಟ್ಟು 'ಮಿಡ್‌ವೈಫರಿ ನರ್ಸ್ ಪ್ರಾಕ್ಟೀಷನರ್' ಮಾಡುವ ಯೋಜನೆ ಇದು. ತೊಡಕಿಲ್ಲದ ಸಹಜ ಹೆರಿಗೆಗಳನ್ನು ಇವರು ನಡೆಸುತ್ತಾರೆ. ತೊಡಕು ಕಂಡ ಕೂಡಲೇ ವೈದ್ಯರಿಗೆ ಒಪ್ಪಿಸುತ್ತಾರೆ. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ ಈ ತರಬೇತಿಯಲ್ಲಿ ಮುಂಚೂಣಿಯಲ್ಲಿದೆ. ಸಣ್ಣ ನೋವಿಗೂ ಸಿಸೇರಿಯನ್ ಎಂಬ ಈ ಕಾಲದಲ್ಲಿ ಇಂಥ ಕೈಗಳು ಹೆಚ್ಚಾಗಬೇಕೆಂದು ಯಾರಿಗಾದರೂ ಅನ್ನಿಸುತ್ತದೆ.

ಈಗ ಮುಖ್ಯವಾದ ಮಾತು. ಇಲ್ಲಿ ಈ ಕೋರ್ಸ್ ಮುಗಿಸಿದವರು ಅಮೆರಿಕದವರಂತೆ ಸ್ವಂತ ಕ್ಲಿನಿಕ್ ತೆರೆದು ಔಷಧ ಚೀಟಿ ಬರೆಯುವಂತಿಲ್ಲ. ಆಸ್ಪತ್ರೆ ಮೊದಲೇ ಲಿಖಿತವಾಗಿ ಒಪ್ಪಿದ ನಿಯಮಾವಳಿಯ ಒಳಗೆ, ವೈದ್ಯರ ತಂಡದ ಜೊತೆ ಕೆಲಸ ಮಾಡಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ನೇಮಕಾತಿ ಆಗುವುದು ಸಾಮಾನ್ಯವಾಗಿ ಶುಶ್ರೂಷಾಧಿಕಾರಿ ಎಂಬ ಹುದ್ದೆಗೆ. ನರ್ಸ್ ಪ್ರಾಕ್ಟೀಷನರ್ ಎಂಬ ಪ್ರತ್ಯೇಕ ಹುದ್ದೆ ಇನ್ನೂ ಎಲ್ಲ ಕಡೆ ಸೃಷ್ಟಿಯಾಗಿಲ್ಲ. ಅಂದರೆ ಕೈಯ ಕೆಲಸ ಹಿರಿದಾದರೂ ಸಂಬಳದ ಚೀಟಿಯಲ್ಲಿ ಹುದ್ದೆಯ ಹೆಸರು ಹಳೆಯದೇ ಇರಬಹುದು. ಇದನ್ನು ಸೇರುವ ಮೊದಲೇ ಮಗಳಿಗೂ ಮನೆಯವರಿಗೂ ತಿಳಿದಿರಬೇಕು. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ನಿಯಮಗಳು ಬದಲಾಗುವ ಹೊತ್ತು ಇದು, ಹೀಗಾಗಿ ಎರಡು ವರ್ಷದ ಹಿಂದೆ ಸೇರಿದವರು ಹೇಳಿದ ಮಾತನ್ನೇ ನಂಬಿ ಕೂರಬಾರದು.

ಹಾಗಾದರೆ ಎಂ.ಎಸ್ಸಿ. ನರ್ಸಿಂಗ್ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಬೇಡ ಎಂದಲ್ಲ, ದಾರಿ ಬೇರೆ. ಎಂ.ಎಸ್ಸಿ.ಯಲ್ಲಿ ವೈದ್ಯಕೀಯ-ಶಸ್ತ್ರಚಿಕಿತ್ಸೆ, ಮಕ್ಕಳ ಆರೋಗ್ಯ, ಪ್ರಸೂತಿ ಮತ್ತು ಸ್ತ್ರೀರೋಗ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಂದು ಐದು ವಿಭಾಗಗಳಿವೆ. ಅದನ್ನು ಓದಿದವರಲ್ಲಿ ಬಹಳ ಜನ ಕಾಲೇಜುಗಳಲ್ಲಿ ಪಾಠ ಹೇಳಲು ಹೋಗುತ್ತಾರೆ. ಕಲಿಸುವ ಆಸೆ ಇದ್ದರೆ, ರಾತ್ರಿ ಪಾಳಿ ಬೇಡವೆಂದಿದ್ದರೆ ಅದೇ ಸರಿ. ಎರಡು ವರ್ಷ ಬೇಡ, ಒಂದು ವಿಷಯದಲ್ಲಿ ಕೈ ಪಳಗಿದರೆ ಸಾಕು ಎನ್ನುವವರಿಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ: ಕ್ಯಾನ್ಸರ್, ಮೂತ್ರಪಿಂಡ, ನವಜಾತ ಶಿಶು, ಆಪರೇಷನ್ ಥಿಯೇಟರ್, ವೃದ್ಧರ ಶುಶ್ರೂಷೆ ಹೀಗೆ. ಮಾನಸಿಕ ಆರೋಗ್ಯದ ಶುಶ್ರೂಷೆ ಕಲಿಯಬೇಕೆಂದವರು ಹೊರ ರಾಜ್ಯಕ್ಕೆ ಹೋಗಬೇಕಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಇನ್ನು ಊರ ಹತ್ತಿರವೇ ಇರಬೇಕು ಎನ್ನುವವರಿಗೆ ಆರೋಗ್ಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯ ಕೆಲಸವಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಪತ್ತೆ ಮಾಡುವುದು, ನಿಗದಿತ ಔಷಧ ವಿತರಿಸುವುದು ಅವರ ಕೆಲಸ. ನಿಜ ಹೇಳಬೇಕೆಂದರೆ, ನರ್ಸ್ ಪ್ರಾಕ್ಟೀಷನರ್ ಎಂಬ ಹೆಸರಿಲ್ಲದೆಯೇ ಆ ಕೆಲಸಕ್ಕೆ ಹತ್ತಿರವಾಗಿರುವವರು ಇವರೇ.

ವಿಭಾಗ ಆರಿಸುವಾಗ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ 'ಯಾವುದಕ್ಕೆ ಡಿಮ್ಯಾಂಡ್?' ಎಂಬುದು. ವ್ಯಾಪಾರದ ಕುಟುಂಬಗಳಲ್ಲಿ ಅದು ಸಹಜ. ಆದರೆ ಸರಕಿನ ಬೇಡಿಕೆ ಬೇರೆ, ಮನುಷ್ಯನ ಸ್ವಭಾವ ಬೇರೆ. ಐಸಿಯುನಲ್ಲಿ ರೋಗಿ ಮಾತಾಡುವುದಿಲ್ಲ, ಯಂತ್ರ ಮಾತಾಡುತ್ತದೆ. ಅಲ್ಲಿ ಚುರುಕು ಬೇಕು, ಲೆಕ್ಕ ಬೇಕು, ಸಾವನ್ನು ಮೇಲಿಂದ ಮೇಲೆ ನೋಡುವ ಗಟ್ಟಿತನ ಬೇಕು. ಹೆರಿಗೆ ವಿಭಾಗದಲ್ಲಿ ಗಂಟೆಗಟ್ಟಲೆ ತಾಳ್ಮೆಯಿಂದ ಕಾಯುವುದೇ ವಿದ್ಯೆ. ಮಾನಸಿಕ ಆರೋಗ್ಯದಲ್ಲಿ ಕೇಳಿಸಿಕೊಳ್ಳುವ ಕಿವಿ ಬೇಕು. ಸಮುದಾಯ ಆರೋಗ್ಯದಲ್ಲಿ ಒಂದೇ ಮಾತನ್ನು ನೂರು ಮನೆಗಳಲ್ಲಿ ಬೇಸರವಿಲ್ಲದೆ ಹೇಳಬೇಕು. ಇದು ಪುಸ್ತಕ ಓದಿ ಗೊತ್ತಾಗುವಂಥದ್ದಲ್ಲ. ಅದಕ್ಕೇ ಪದವಿ ಮುಗಿದ ಮೇಲೆ ಒಂದೆರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ದುಡಿಯುವುದು ನಷ್ಟವಲ್ಲ. ಅನುಭವದ ಪತ್ರ ಹೇಗೂ ಪ್ರವೇಶಕ್ಕೆ ಬೇಕು. ಅನುಭವವಿಲ್ಲದೆ ಕಾಗದ ಹೊಂದಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳಿದ್ದಾರೆ. ಅಂಥವರನ್ನು ಹತ್ತಿರ ಸೇರಿಸಬಾರದು. ಸುಳ್ಳು ಪತ್ರದಲ್ಲಿ ಸೇರಿದ ಮಗು ವೆಂಟಿಲೇಟರ್ ಮುಂದೆ ನಿಂತಾಗ ಅದರ ಬೆಲೆ ತೆರುವವನು ರೋಗಿ.

ಕಾಲೇಜು ನೋಡುವಾಗ ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ಕೋರ್ಸಿನ ಐದರಲ್ಲಿ ನಾಲ್ಕು ಪಾಲು ಆಸ್ಪತ್ರೆಯಲ್ಲೇ ನಡೆಯುವಾಗ, ಸ್ವಂತ ಆಸ್ಪತ್ರೆ ಇಲ್ಲದೆ ಬಸ್ಸಿನಲ್ಲಿ ಮಕ್ಕಳನ್ನು ಊರೂರಿಗೆ ಕಳಿಸುವ ಕಾಲೇಜು ಏನು ಕಲಿಸೀತು? ಐಸಿಯು ಹಾಸಿಗೆಗಳೆಷ್ಟು, ಅವುಗಳಲ್ಲಿ ರೋಗಿಗಳಿರುತ್ತಾರೆಯೇ, ತೀವ್ರ ನಿಗಾ ತಜ್ಞ ವೈದ್ಯರು ಪೂರ್ಣಾವಧಿಗೆ ಇದ್ದಾರೆಯೇ, ರೆಸಿಡೆನ್ಸಿ ಮಕ್ಕಳನ್ನು ಕಲಿಯುವವರಂತೆ ನೋಡುತ್ತಾರೆಯೇ ಅಥವಾ ಸಿಬ್ಬಂದಿ ಕೊರತೆ ತುಂಬಲು ದುಡಿಸುತ್ತಾರೆಯೇ ಎಂದು ವಿಚಾರಿಸಬೇಕು. ಇದಕ್ಕೆ ಉತ್ತರ ಪ್ರಾಂಶುಪಾಲರ ಕೊಠಡಿಯಲ್ಲಿ ಸಿಗುವುದಿಲ್ಲ. ಪಾಳಿ ಮುಗಿಸಿ ಕ್ಯಾಂಟೀನಿಗೆ ಬರುವ ಎರಡನೇ ವರ್ಷದ ವಿದ್ಯಾರ್ಥಿಗಳ ಬಳಿ ಸಿಗುತ್ತದೆ. ಹಿಂದಿನ ತಂಡದವರು ಈಗ ಎಲ್ಲಿ, ಯಾವ ಹುದ್ದೆಯಲ್ಲಿದ್ದಾರೆ ಎಂದೂ ಅವರನ್ನೇ ಕೇಳಿ.

ಕಾಗದ ಪತ್ರದ ವಿಷಯ ಚಿಕ್ಕದು, ಆದರೆ ತಪ್ಪಿದರೆ ಬಹಳ ದುಬಾರಿ. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ ಅಥವಾ ಬೇರೆ ಮಾನ್ಯ ವಿಶ್ವವಿದ್ಯಾಲಯದ್ದೇ ಎಂದು ನೋಡಿ. ಆ ಕಾಲೇಜಿಗಲ್ಲ, ಆ ಕೋರ್ಸಿಗೆ ಅನುಮತಿ ಇದೆಯೇ, ಎಷ್ಟು ಸೀಟಿಗೆ ಇದೆ ಎಂದು ಬರವಣಿಗೆಯಲ್ಲಿ ಕೇಳಿ. ಮುಗಿದ ಮೇಲೆ ಹೆಚ್ಚುವರಿ ಅರ್ಹತೆಯಾಗಿ ನೋಂದಣಿಯಾಗುತ್ತದೆಯೇ ಎಂದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿಯೇ ವಿಚಾರಿಸಿ. ಕೆಲವು ಖಾಸಗಿ ಸಂಸ್ಥೆಗಳು ಕೆಲವೇ ತಿಂಗಳ ತಮ್ಮದೇ ಸರ್ಟಿಫಿಕೇಟ್‌ಗೆ 'ಪ್ರಾಕ್ಟೀಷನರ್' ಎಂಬ ಪದ ಸೇರಿಸಿ ಮಾರುತ್ತವೆ. ಅದಕ್ಕೆ ಕೌನ್ಸಿಲ್‌ನಲ್ಲಿ ಬೆಲೆ ಇಲ್ಲ. ಮೂಲ ಅಂಕಪಟ್ಟಿಗಳನ್ನು ಒತ್ತೆಯಂತೆ ಇಟ್ಟುಕೊಳ್ಳುವ ಕಾಲೇಜು, ಸ್ಟೈಪೆಂಡ್ ಎಷ್ಟೆಂದು ಬರೆದುಕೊಡದ ಕಾಲೇಜು, ಕೋರ್ಸ್ ನಂತರ ಎಷ್ಟು ವರ್ಷದ ಬಾಂಡ್ ಎಂದು ಸೇರಿದ ಮೇಲೆ ಹೇಳುವ ಕಾಲೇಜು, ಈ ಮೂರನ್ನೂ ದೂರ ಇಡುವುದು ಜಾಣತನ.

ವಿದೇಶದ ಆಲೋಚನೆ ಇರುವವರಿಗೆ ಎರಡು ಮಾತು. ಇಲ್ಲಿಯ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಅಮೆರಿಕದಲ್ಲಿ ಅದೇ ಹುದ್ದೆ ಕೊಡುವುದಿಲ್ಲ. ಅಲ್ಲಿ ಮೊದಲು ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿ ನೋಂದಾಯಿತ ನರ್ಸ್ ಆಗಬೇಕು. ಆಮೇಲೆ ಅಲ್ಲಿನ ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಮಟ್ಟದ ಓದು, ನಂತರ ಆ ವಿಭಾಗದ ರಾಷ್ಟ್ರೀಯ ಪರೀಕ್ಷೆ. ಮದುವೆಯಾಗಿ ಅಲ್ಲಿ ನೆಲೆಸಿರುವ ನರ್ಸಿಂಗ್ ಓದಿದ ಹೆಣ್ಣುಮಕ್ಕಳು ಈ ದಾರಿ ಹಿಡಿಯುವಾಗ ಒಂದು ಎಚ್ಚರ ಬೇಕು. ಅಲ್ಲಿ ವಿಭಾಗವೆಂದರೆ ರೋಗಿಗಳ ವರ್ಗ: ಕುಟುಂಬ, ವಯಸ್ಕರು-ವೃದ್ಧರು, ಮಕ್ಕಳು, ನವಜಾತ ಶಿಶು, ಮಹಿಳೆಯರು, ಮಾನಸಿಕ ಆರೋಗ್ಯ. ಕುಟುಂಬ ವಿಭಾಗ ಓದಿ, ಆಮೇಲೆ ಐಸಿಯು ಬೇಕೆಂದರೆ ಮತ್ತೆ ಓದಬೇಕಾಗುತ್ತದೆ. 2022ರಲ್ಲಿ ಪರಿಷ್ಕರಿಸಿದ ಅಲ್ಲಿನ ಶಿಕ್ಷಣ ಮಾನದಂಡ ಕನಿಷ್ಠ 750 ಗಂಟೆ ನೇರ ರೋಗಿ ಆರೈಕೆ ಕೇಳುತ್ತದೆ. ಆನ್‌ಲೈನ್ ಕೋರ್ಸುಗಳಲ್ಲಿ ಕೆಲವು, ಆ ಗಂಟೆಗಳಿಗೆ ಕಲಿಸುವ ಮಾರ್ಗದರ್ಶಕರನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು ಎನ್ನುತ್ತವೆ. ಪರಿಚಯವಿಲ್ಲದ ಊರಿನಲ್ಲಿ ಅದು ಸುಲಭವಲ್ಲ. ಮಾರ್ಗದರ್ಶಕರನ್ನು ಒದಗಿಸುವ ವಿಶ್ವವಿದ್ಯಾಲಯಕ್ಕೆ ಶುಲ್ಕ ಸ್ವಲ್ಪ ಹೆಚ್ಚಾದರೂ ಅದೇ ಲೇಸು.

ಮನೆಯೊಳಗಿನ ಒಂದು ಅಡ್ಡಿಯ ಬಗ್ಗೆಯೂ ಹೇಳಬೇಕು. ನರ್ಸಿಂಗ್ ಎಂದರೆ ಮುಖ ತಿರುಗಿಸುವ ಹಿರಿಯರು ಜೈನ ಮನೆಗಳಲ್ಲಿ ಇಂದಿಗೂ ಇದ್ದಾರೆ. ರಾತ್ರಿ ಪಾಳಿ, ಹಾಸ್ಟೆಲ್ ಊಟ, ವರ ಸಿಗುವುದಿಲ್ಲ ಎಂಬ ಚಿಂತೆ. ಮುನಿ ಮಹಾರಾಜರಿಗೆ, ರೋಗಿ ತ್ಯಾಗಿಗಳಿಗೆ ಮಾಡುವ ವೈಯಾವೃತ್ತ್ಯವನ್ನು ಅಂತರಂಗ ತಪಗಳಲ್ಲಿ ಒಂದೆಂದು ಗೌರವಿಸುವ ಸಮಾಜ, ಅದೇ ಕೈಕೆಲಸವನ್ನು ಜೀವನೋಪಾಯ ಮಾಡಿಕೊಂಡ ಮಗಳನ್ನು ಕೀಳಾಗಿ ನೋಡುವುದು ಹೇಗೆ ಸರಿ? ಹಾಸ್ಟೆಲ್ಲಿನಲ್ಲಿ ಸೂರ್ಯಾಸ್ತದೊಳಗೆ ಊಟ, ಕಂದಮೂಲವಿಲ್ಲದ ಅಡುಗೆ ಕಷ್ಟವೇ. ಪಾಳಿ ಕೆಲಸದಲ್ಲಿ ಇನ್ನೂ ಕಷ್ಟ. ಇದನ್ನು ಮುಂಚಿತವಾಗಿಯೇ ವಾರ್ಡನ್ ಜೊತೆ ಮಾತಾಡಿಕೊಂಡರೆ, ಹತ್ತಿರದ ಬಸದಿಯ ಸಮಿತಿಯವರ ಅಥವಾ ಊರಿನ ಶ್ರಾವಕರ ಮನೆಯ ಪರಿಚಯ ಮಾಡಿಕೊಟ್ಟರೆ ಅರ್ಧ ಭಾರ ಇಳಿಯುತ್ತದೆ.

ಹಣದ ವಿಷಯಕ್ಕೆ, 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಮಾನ್ಯತೆ ದೊರೆತಿದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶಿಕ್ಷಣ ಸಾಲ ಮತ್ತು ಇತರ ನೆರವು ಆ ವರ್ಷ ಯಾವ ಕೋರ್ಸುಗಳಿಗೆ ಅನ್ವಯ, ಕೊನೆಯ ದಿನಾಂಕ ಯಾವುದು ಎಂಬುದನ್ನು ನಿಗಮದ ಜಿಲ್ಲಾ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಅಲ್ಪಸಂಖ್ಯಾತ ಪ್ರಮಾಣಪತ್ರ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಅರ್ಜಿ ಕರೆದ ಮೇಲೆ ಓಡಾಡಿದವರಲ್ಲಿ ಹಲವರಿಗೆ ಪ್ರಮಾಣಪತ್ರ ಕೈಸೇರುವ ಹೊತ್ತಿಗೆ ಗಡುವು ಮುಗಿದಿರುತ್ತದೆ.