ಹಾಲು ಡೇರಿಗೆ, ಗಂಜಿ ದಮ್ಮಿನವರಿಗೆ

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಯಾರಿಗಾದರೂ ದಮ್ಮು ಹತ್ತಿತೆಂದರೆ ಮನೆಯಲ್ಲಿ ಮೊದಲು ಬಂದ್ ಆಗುವುದು ಬೀಡಿಯಲ್ಲ, ಹಾಲು. ಅದರ ಹಿಂದೆಯೇ ಮೊಸರು, ಬಾಳೆಹಣ್ಣು. ಉಷ್ಣವೆಂದು ಮೊಟ್ಟೆಯೂ ಹೋಗುತ್ತದೆ. 'ಕಫ ಕಟ್ಟುತ್ತೆ' ಅನ್ನುವ ಒಂದು ಮಾತಿಗೆ, ಬೆಳಿಗ್ಗೆ ಕರೆದ ಹಾಲಷ್ಟೂ ಡೇರಿಗೆ, ಹಸು ಸಾಕಿದ ಯಜಮಾನನಿಗೆ ಗಂಜಿ. ಅದೂ ಹೈನುಗಾರಿಕೆ ಬೆಳೆಸಿದ ಎಂ.ವಿ. ಕೃಷ್ಣಪ್ಪನವರ ಕೋಲಾರ ಜಿಲ್ಲೆಯಲ್ಲಿ!

ಹಾಲು ಕಫ ಹುಟ್ಟಿಸುವುದಿಲ್ಲ. ಜೊಲ್ಲಿನೊಡನೆ ಬೆರೆತು ಸ್ವಲ್ಪ ಹೊತ್ತು ಗಂಟಲಿಗೆ ಅಂಟಿದಂತಾಗುತ್ತದೆ, ಅಷ್ಟೆ. ಆಸ್ಟ್ರೇಲಿಯಾದಲ್ಲಿ 60 ಮಂದಿಗೆ ಬೇಕೆಂದೇ ನೆಗಡಿಯ ವೈರಸ್ ಹತ್ತಿಸಿ, ಅವರು ಕುಡಿದ ಹಾಲಿನ ಲೆಕ್ಕವಿಟ್ಟು, ಸುರಿಸಿದ ಸಿಂಬಳವನ್ನು ತೂಕ ಮಾಡಿಯೇ ನೋಡಿದರು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡಕ್ಕೂ ಸಂಬಂಧ ಕಾಣಲಿಲ್ಲ.

ದಮ್ಮು ತರುವ ಎಂಫಿಸೀಮಾ ಎಂಬ ಕಾಯಿಲೆ ಬಲಿತವರ ಶ್ವಾಸಕೋಶ, ಒಳಗೆ ಹೋದ ಗಾಳಿ ಹೊರಬರದೆ ಊದಿಕೊಂಡಿರುತ್ತದೆ. ಅವರಿಗೆ ಸುಮ್ಮನೆ ಕೂತು ಉಸಿರಾಡುವುದೂ ದಿನವಿಡೀ ಕೂಲಿ ಮಾಡಿದಂತೆ. ಆ ಶ್ರಮಕ್ಕೆ ತಕ್ಕ ಊಟ ಸಿಗದಿದ್ದರೆ ದೇಹ ತನ್ನ ಮಾಂಸಖಂಡಗಳನ್ನೇ ಕರಗಿಸುತ್ತದೆ. ಉಸಿರೆಳೆಯುವ ವಪೆಯನ್ನೂ ಬಿಡುವುದಿಲ್ಲ. 165 ಸೆಂ.ಮೀ. ಎತ್ತರದವರು 57 ಕೆ.ಜಿ.ಗಿಂತ ಇಳಿದರೆ ಈ ಕಾಯಿಲೆಯಲ್ಲಿ ಅದು ಅಪಾಯದ ಗುರುತು. ಹೊಟ್ಟೆ ಬಿರಿಯ ಉಂಡರೆ ಉಸಿರು ಕಟ್ಟುವುದು ನಿಜ. ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ತಿನ್ನಬೇಕು, ಊಟವನ್ನೇ ಬಿಡುವುದಲ್ಲ.

ಔಷಧಿಗೆ ಬಗ್ಗದ ಕೆಲವರಿಗೆ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯುವ ಆಪರೇಷನ್ ಉಂಟು. ಇರುವುದನ್ನೂ ಕತ್ತರಿಸಿದರೆ ಹೇಗೆ ಅಂತ ಕೇಳುತ್ತಾರೆ. ಊದಿದ್ದು ಹೋದರೆ ಉಳಿದದ್ದಕ್ಕೂ ವಪೆಗೂ ಆಡಲು ಜಾಗ ಸಿಗುತ್ತದೆ. ಅಮೆರಿಕದಲ್ಲಿ 1,218 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೇಲ್ಭಾಗ ಹೆಚ್ಚು ಕೆಟ್ಟು, ದೇಹಶ್ರಮದ ತಾಕತ್ತೂ ಕುಂದಿದ್ದವರ ಆಯಸ್ಸು ಹೆಚ್ಚಿತು. ಆದರೆ ಅವರನ್ನೆಲ್ಲ ಮೊದಲು 6ರಿಂದ 10 ವಾರ ವ್ಯಾಯಾಮದಿಂದ ಅಣಿಗೊಳಿಸಲಾಗಿತ್ತು. ನಾವೋ, ತಿಂಗಳುಗಟ್ಟಲೆ ಪಥ್ಯ ಮಾಡಿಸಿ, ಮೂಳೆ ಚಕ್ಕಳವಾದ ಮೇಲೆ ಬೆಂಗಳೂರಿಗೆ ಕರೆದೊಯ್ದು 'ಡಾಕ್ಟ್ರೇ, ಆಪರೇಷನ್ ಮಾಡಿಬಿಡಿ' ಅನ್ನುತ್ತೇವೆ. ತೆಳ್ಳಗಿದ್ದರೆ ಆಪರೇಷನ್ ಸಲೀಸು ಎಂಬ ಧೈರ್ಯ ಬೇರೆ! ಹಾಗೆ ಸೊರಗಿದವರೇ ವೆಂಟಿಲೇಟರ್‌ನಿಂದ ಬೇಗ ಹೊರಬರಲಾಗದೆ ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುವುದು.

ಬೀಡಿ ಸೇದದವರಿಗೆ ಈ ಕಾಯಿಲೆ ಬಾರದು ಅನ್ನುವವರು ಸೌದೆ ಒಲೆಯ ಮುಂದೆ ಮೂವತ್ತು ವರ್ಷ ಕೂತ ಅಜ್ಜಿಯನ್ನು ಮರೆತಿದ್ದಾರೆ. ಡಾಕ್ಟರು ಕೊಟ್ಟ ಇನ್ಹೇಲರ್ ಮೇಲೆ 'ಅಭ್ಯಾಸ ಆಗಿಬಿಡುತ್ತಂತೆ' ಅಂತ ಹತ್ತು ಅನುಮಾನ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರು ಹೇಳಿದ ಪಥ್ಯಕ್ಕೆ ಒಂದು ಪ್ರಶ್ನೆಯೂ ಇಲ್ಲ.

ಉಪವಾಸ ಕೆಡವಿ ಸುಸ್ತು ಮಾಡಿಸಿದ ಮೇಲೆ ಶಕ್ತಿಗೆಂದು ಗ್ಲೂಕೋಸ್ ಬಾಟ್ಲಿ ಹಾಕಿಸುತ್ತಾರೆ. ಅರ್ಧ ಲೀಟರಿನ ಶೇ 5ರ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ನೂರು ಕ್ಯಾಲೊರಿ ಮೀರದು. ಒಂದು ರಾಗಿಮುದ್ದೆಯಲ್ಲಿ ಅದರ ಎರಡರಷ್ಟಾದರೂ ಇರುತ್ತದೆ, ಮೇಲೆ ಅವರೆಕಾಳು ಸಾರು ಬೇರೆ.