ನರಗಳ ನಡುವಿನ ಸಂದು

ಹೊಸ್ತಿಲಿಗೆ ಕಾಲ್ಬೆರಳು ಬಡಿದ ಗಳಿಗೆಯನ್ನು ಯಾವತ್ತಾದರೂ ಗಮನಿಸಿದ್ದೀರಾ? ಬಡಿಯಿತೆನ್ನುವುದು ಥಟ್ಟನೆ ಗೊತ್ತಾಗುತ್ತದೆ; ಜೀವ ಹಿಂಡುವ ನೋವು ಬರುವುದು ತುಸು ತಡವಾಗಿ! ಏಟು ಒಂದೇ, ಸುದ್ದಿ ಒಯ್ಯುವ ನರತಂತುಗಳು ಬೇರೆ ಬೇರೆ. ಸ್ಪರ್ಶದ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಅವುಗಳಲ್ಲಿ ವಿದ್ಯುತ್ ಸಂಕೇತ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಜಿಗಿಜಿಗಿದು ಸಾಗುತ್ತದೆ. ತಡವಾಗಿ ಬರುವ ಉರಿನೋವಿನ ತಂತುಗಳಿಗೆ ಆ ಹೊದಿಕೆಯೇ ಇಲ್ಲ. ಅವುಗಳ ವೇಗ ಸೆಕೆಂಡಿಗೆ 1 ಮೀಟರಿನ ಆಸುಪಾಸು. ಇನ್ನೂ ದೊಡ್ಡ ಬೆರಗು ಕೇಳಿ: ಕಾಲ್ಬೆರಳಿನ ಸ್ಪರ್ಶವನ್ನು ಬೆನ್ನುಹುರಿಯುದ್ದಕ್ಕೂ ಹೊತ್ತು ಮಿದುಳಿನ ಬುಡಕ್ಕೆ ಮುಟ್ಟಿಸುವುದು ಒಂದೇ ಒಂದು ಜೀವಕೋಶ! ಉದ್ದ 1 ಮೀಟರಿಗೂ ಹೆಚ್ಚು, ದಪ್ಪ ಕಣ್ಣಿಗೇ ಕಾಣದಷ್ಟು.

ಅಲ್ಲಿಗೆ ಆ ಕೋಶ ಮುಗಿಯಿತು. ಮುಂದೆ ಇನ್ನೊಂದು ಕೋಶ. ಎರಡರ ನಡುವೆ ಏನಿದೆ? ಒಂದು ಸಂದು! ನರವ್ಯೂಹದ ಗುಟ್ಟೆಲ್ಲ ಅಡಗಿರುವುದು ಅಲ್ಲೇ.

ಇಟಲಿಯ ಅಬ್ಬಿಯಾಟೆಗ್ರಾಸ್ಸೊ ಊರಿನ ಆಸ್ಪತ್ರೆಯೊಂದರ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದವರು ಕ್ಯಾಮಿಲ್ಲೊ ಗಾಲ್ಜಿ. ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಯಾದ ಮಿದುಳಿನ ಚೂರನ್ನು ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ ನೋಡಿದರೆ, ಕಿಕ್ಕಿರಿದ ಕೋಶಗಳಲ್ಲಿ ಎಲ್ಲೋ ಕೆಲವು ಮಾತ್ರ ತುದಿಯಿಂದ ತುದಿಯವರೆಗೆ ಕಪ್ಪಾಗಿ ಎದ್ದು ನಿಂತಿವೆ! 1873ರಲ್ಲಿ ಅವರು ಪ್ರಕಟಿಸಿದ ಈ ವಿಧಾನ ನರಕೋಶದ ಪೂರ್ಣರೂಪವನ್ನು ಜಗತ್ತಿಗೆ ತೋರಿಸಿತು. ನರಗಳೆಲ್ಲ ಕೂಡಿಕೊಂಡು ಒಂದೇ ಅಖಂಡ ಬಲೆಯಾಗಿವೆ ಎಂದರು ಗಾಲ್ಜಿ. 1888ರಲ್ಲಿ ಬಾರ್ಸಿಲೋನಾದಲ್ಲಿ ಅದೇ ಬಣ್ಣ ಬಳಸಿ ಹಕ್ಕಿಗಳ ಮಿದುಳನ್ನು ಪರೀಕ್ಷಿಸಿದ ಸ್ಯಾಂಟಿಯಾಗೊ ರಾಮೋನ್ ಇ ಕಹಾಲ್, ಇಲ್ಲ, ಪ್ರತಿ ಕೋಶವೂ ಬಿಡಿ ಎಂದರು. 1906ರ ನೊಬೆಲ್ ಇಬ್ಬರಿಗೂ ಒಟ್ಟಿಗೇ ಬಂತು. ಆ ವೇದಿಕೆಯಲ್ಲೂ ಗಾಲ್ಜಿ ತಮ್ಮ ಬಲೆಯನ್ನು ಬಿಟ್ಟುಕೊಡಲಿಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೀರ್ಪು ಕೊಟ್ಟಿತು. ಸಂದು ಇದ್ದೇ ಇದೆ, ಅಗಲ ಸುಮಾರು 20 ನ್ಯಾನೋಮೀಟರ್!

ಹಾಗಾದರೆ ಸಂಕೇತ ಅದನ್ನು ದಾಟುವುದು ಹೇಗೆ? ಉತ್ತರ ಹೊಳೆದದ್ದು ಕನಸಿನಲ್ಲಿ! ಆಸ್ಟ್ರಿಯಾದ ಗ್ರಾಜ್‌ನಲ್ಲಿದ್ದ ಓಟ್ಟೊ ಲೋವಿ ನಡುರಾತ್ರಿ ಎದ್ದು ಕನಸನ್ನು ಗೀಚಿಟ್ಟರು. ಬೆಳಗ್ಗೆ ಅವರ ಬರಹ ಅವರಿಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಮತ್ತೆ ಬಂದಾಗ ನೇರ ಪ್ರಯೋಗಾಲಯಕ್ಕೆ ಓಡಿದರು. ಎರಡು ಕಪ್ಪೆಗಳ ಮಿಡಿಯುವ ಹೃದಯ. ಒಂದರ ವೇಗಸ್ ನರವನ್ನು ಕೆರಳಿಸಿದರು, ಅದರ ಬಡಿತ ಇಳಿಯಿತು. ಅದರೊಳಗಿನ ದ್ರವವನ್ನು ಇನ್ನೊಂದಕ್ಕೆ ಹಾಕಿದರು. ನರವನ್ನು ಯಾರೂ ಮುಟ್ಟದಿದ್ದರೂ ಅದರ ಬಡಿತವೂ ಇಳಿಯಿತು! ಸಂದು ದಾಟಿಸಿದ್ದು ವಿದ್ಯುತ್ತಲ್ಲ, ರಸಾಯನ. 1921ರಲ್ಲಿ ಪ್ರಕಟವಾದ ಈ ಪ್ರಯೋಗದ ವಸ್ತುವೇ ಅಸಿಟೈಲ್‌ಕೋಲಿನ್. ಸಂಕೇತ ತಂತುವಿನ ತುದಿ ಮುಟ್ಟಿದೊಡನೆ ಸಣ್ಣ ಚೀಲಗಳು ತೆರೆದುಕೊಂಡು ಅಣುಗಳು ಆಚೆ ದಡಕ್ಕೆ ಹರಿಯುತ್ತವೆ, ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ. ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಅವುಗಳನ್ನು ಒಡೆದು ಜಾಗ ತೆರವು ಮಾಡುತ್ತದೆ.

ನರಕ್ಕೂ ಸ್ನಾಯುವಿಗೂ ನಡುವೆ ಅಂಥದ್ದೇ ಸಂದಿದೆ. ಅಲ್ಲಿ ಸುದ್ದಿ ತಲುಪದಿದ್ದರೆ ರೆಪ್ಪೆ ಜೋತುಬೀಳುತ್ತದೆ, ನುಂಗುವುದೂ ಕಷ್ಟ. ಅಂಥದೊಂದು ರೋಗವೇ ಮಯಸ್ತೇನಿಯಾ ಗ್ರೇವಿಸ್. ಅದರ ಲಕ್ಷಣಗಳು ಕ್ಯುರಾರೆ ವಿಷದ ಲಕ್ಷಣಗಳಂತೆಯೇ ಇವೆಯಲ್ಲ ಎಂದು ಗುರುತಿಸಿದವರು ಇಂಗ್ಲೆಂಡಿನ ಗ್ರೀನಿಚ್‌ನ ವೈದ್ಯೆ ಮೇರಿ ವಾಕರ್. 1934ರಲ್ಲಿ ಅವರು ಆ ವಿಷಕ್ಕೆ ಪ್ರತಿಮದ್ದಾದ ಫೈಸೋಸ್ಟಿಗ್ಮಿನ್ ಚುಚ್ಚಿದರು. ಅದು ಕಿಣ್ವವನ್ನು ತಡೆಯಿತು, ಅಸಿಟೈಲ್‌ಕೋಲಿನ್ ಸಂದಿನಲ್ಲಿ ಉಳಿಯಿತು, ಜೋತುಬಿದ್ದ ರೆಪ್ಪೆ ಮೇಲೆದ್ದಿತು! ಪರಿಣಾಮ ಕೆಲವೇ ಗಂಟೆಗಳದ್ದು, ಆದರೆ ಅದೇ ಬಗೆಯ ಮದ್ದು ಇಂದಿಗೂ ಈ ರೋಗಿಗಳ ಕೈಯಲ್ಲಿದೆ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಒಂದೊಂದಕ್ಕೂ ಇಂಥ ಸಂದುಗಳು ಸಾವಿರಾರು. ಕಲಿತಾಗ ಬಲಗೊಳ್ಳುವುದೂ ಮರೆತಾಗ ಸೊರಗುವುದೂ ಇವೇ. ಗಾಲ್ಜಿ ಅಂದುಕೊಂಡಂತೆ ನರವ್ಯೂಹ ಅಖಂಡ ಬಲೆಯಾಗಿದ್ದರೆ ತಡೆಯಲು, ತಿದ್ದಲು, ಮದ್ದು ಮುಟ್ಟಿಸಲು ಇಷ್ಟೊಂದು ಕಡೆ ಜಾಗ ಸಿಗುತ್ತಿತ್ತೇ? ನಾವು ಕಲಿಯಬಲ್ಲೆವು, ಗುಣವಾಗಬಲ್ಲೆವು. ನಮ್ಮ ನರಗಳು ಒಂದಕ್ಕೊಂದು ಅಂಟಿಕೊಂಡಿಲ್ಲ ಎಂಬುದೇ ಅದಕ್ಕೆ ದೊಡ್ಡ ಕಾರಣ!